ಶನಿವಾರಸಂತೆ ಕಡೆಗೆ ದೇವಣಿ ಹಸು ತಂದರೆ ನಿಲ್ಲುತ್ತಾ?

ಗದ್ದೆಮನೆ (ಶನಿವಾರಸಂತೆ) · ಅಕ್ಟೋಬರ್ 28

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುವುದು ಇದೇ ಮೊದಲು.

ನಮ್ಮದು ನಾಲ್ಕು ಎಕರೆ ಕಾಫಿ, ಒಂದೂವರೆ ಎಕರೆ ಗದ್ದೆ. ಅಪ್ಪನ ಕಾಲದಿಂದ ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ ಹಸು (ನಮ್ಮ ಕಡೆಯ ಸಣ್ಣ ನಾಟಿ ತಳಿ) ಇದ್ದೇ ಇವೆ. ಐದು ವರ್ಷದ ಹಿಂದೆ ನಾನು ಬುದ್ಧಿವಂತಿಕೆ ತೋರಿಸೋಕೆ ಹೋಗಿ ಒಂದು ಎಚ್‌ಎಫ್ (ವಿದೇಶಿ ಹಾಲಿನ ತಳಿ) ಮಿಶ್ರತಳಿ ತಂದೆ. ಹಾಲು ಚೆನ್ನಾಗಿಯೇ ಕೊಡುತ್ತಿತ್ತು. ಕಳೆದ ಮಳೆಗಾಲದಲ್ಲಿ ಜ್ವರ ಬಂತು, ಮೇವು ಬಿಟ್ಟಿತು, ಕಣ್ಣಿನ ಒಳಗೆಲ್ಲ ಬಿಳಿಚಿಕೊಂಡಿತು. ನಾವು ಮೂರು ದಿನ ಬರೀ ಜ್ವರದ ಇಂಜೆಕ್ಷನ್ ಹಾಕಿಸಿ ಕೂತೆವು. ರಕ್ತ ಪರೀಕ್ಷೆಯಲ್ಲಿ ಥೈಲೇರಿಯಾ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅಮ್ಮ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಈಚೆಗೆ ಒಂದು ಮೇಳದಲ್ಲಿ ದೇವಣಿ ನೋಡಿದೆ. ಬಿಳಿ ಮೈ, ಮುಖದ ಎರಡೂ ಪಕ್ಕ ಕಪ್ಪು, ಜೋಲು ಕಿವಿ. ಹಾಲಿಗೂ ಆಗುತ್ತೆ, ಉಳುಮೆಗೂ ಆಗುತ್ತೆ, ರೋಗ ಕಡಿಮೆ ಅಂದರು. ಎರಡು ಹಸು ತರೋಣ ಅಂತ ಮನಸ್ಸು. ಕೊಡಗಿನಲ್ಲಿ ಯಾರಾದರೂ ಸಾಕಿದ್ದೀರಾ? ನಮ್ಮ ಮಳೆಗೆ ನಿಲ್ಲುತ್ತಾ?

ಹಾಲುವಾಣ (ಸುಂಟಿಕೊಪ್ಪ) · ಅಕ್ಟೋಬರ್ 28

ಗದ್ದೆಮನೆ ಅಣ್ಣ, ನೇರವಾಗಿ ಕೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಉಳುಮೆಗೂ ಆಗುತ್ತೆ ಅಂದಿರಿ. ನಿಮ್ಮ ಗದ್ದೆಗೆ ಕೊನೇ ಸಲ ಎತ್ತು ಇಳಿದಿದ್ದು ಯಾವಾಗ? ನಮ್ಮಲ್ಲಿ ಟಿಲ್ಲರ್ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನೇಗಿಲು ಹಿಡಿಯೋಕೆ ಬರುವವರು ಊರಲ್ಲಿ ಇಬ್ಬರು ಇದ್ದಾರೆ, ಇಬ್ಬರಿಗೂ ಮಂಡಿನೋವು.

ಎರಡು ಕೆಲಸದ ಹಸು ಸಾಕಬೇಕಾದರೆ ಎರಡೂ ಕೆಲಸ ನಮ್ಮ ಮನೆಯಲ್ಲಿ ಇರಬೇಕು ಅಲ್ವಾ? ಇಲ್ಲದಿದ್ದರೆ ಅರ್ಧ ಹಸುವಿಗೆ ಪೂರ್ತಿ ಮೇವು ಹಾಕಿದ ಹಾಗೆ.

ಇನ್ನೊಂದು ವಿಷಯ ಮೇಯಿಸುವುದು. ಹಿಂದೆ ಗದ್ದೆಗೆ ಅಂಟಿಕೊಂಡು ಬಾಣೆ ಅಂತ ಜಾಗ ಇರುತ್ತಿತ್ತು. ಅರಸರ ಕಾಲದಿಂದಲೂ ಬಾಣೆ ಕೊಟ್ಟಿದ್ದೇ ಗದ್ದೆ ಮಾಡುವವನಿಗೆ ದನ ಮೇಯಿಸೋಕೆ, ಸೊಪ್ಪು ತರೋಕೆ, ಸೌದೆಗೆ. ಈಗ ಬಾಣೆಯೆಲ್ಲ ಕಾಫಿ ಆಗಿದೆ. ದನ ಬಿಟ್ಟರೆ ಪಕ್ಕದವರ ಮೆಣಸಿನ ಬಳ್ಳಿಗೇ ಬಾಯಿ. ಹಾಗಾಗಿ ಏನು ತಂದರೂ ಕಟ್ಟಿ ಸಾಕಬೇಕು. ಅದನ್ನು ಲೆಕ್ಕ ಹಾಕಿದ್ದೀರಾ?

ಕಣಿಕೆ (ಭಾಲ್ಕಿ, ಬೀದರ್) · ಅಕ್ಟೋಬರ್ 29

ಕೊಡಗಿನವರು ದೇವಣಿ ಬಗ್ಗೆ ಕೇಳಿದ್ದು ನೋಡಿ ಭಾಳ ಖುಷಿ ಆಯಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇವೇ ಆಕಳು. ಈಗ ನಾಲ್ಕು ಆಕಳು, ಒಂದು ಜೋಡಿ ಎತ್ತು.

ಹೆಸರು ಬಂದದ್ದು ಲಾತೂರ್ ಜಿಲ್ಲೆಯ ದೇವಣಿ ಊರಿನಿಂದ. ನಮ್ಮ ಬೀದರ್ ಮತ್ತು ಗಡಿ ಆಚೆಯ ಮರಾಠವಾಡ ಇದರ ತವರು. ಮೂರು ಬಗೆ ಇದೆ. ಮೈ ಬಿಳಿ, ಮುಖದ ಪಕ್ಕ ಕಪ್ಪು ಇದ್ದರೆ ವಾನೇರಾ, ನೀವು ಮೇಳದಲ್ಲಿ ನೋಡಿದ್ದು ಅದೇ. ಬಿಳಿ ಮೈ, ಹೊಟ್ಟೆಯ ಕೆಳಗೆ ಮಾತ್ರ ಕಪ್ಪು ಚುಕ್ಕೆ ಇದ್ದರೆ ಬಾಲಂಕ್ಯಾ. ಮೈಯೆಲ್ಲ ಅಡ್ಡಾದಿಡ್ಡಿ ಕಪ್ಪು ಮಚ್ಚೆ ಇದ್ದರೆ ಶೇವೆರಾ. ಹಾಲಿನ ವಿಷಯದಲ್ಲಿ ಮೈಬಣ್ಣ ನೋಡಿ ಭೇದ ಮಾಡಬೇಡಿ, ತಾಯಿಯ ಹಾಲು ನೋಡಿ.

ಮೇಳದಲ್ಲಿ ದಿನಕ್ಕೆ ಹತ್ತು ಲೀಟರ್ ಅಂತ ಹೇಳಿರಬೇಕು. ಅದನ್ನು ಅಲ್ಲೇ ಬಿಟ್ಟು ಬನ್ನಿ. ರೈತರ ಮನೆಯ ಆಕಳು ಕರು ಹಾಕಿದ ಹೊಸದರಲ್ಲಿ ನಾಲ್ಕೈದು ಲೀಟರ್, ಆಮೇಲೆ ಇಳಿಯುತ್ತಾ ಹೋಗುತ್ತೆ. ಒಂದು ಸೂಲಿಗೆ 800ರಿಂದ 1000 ಲೀಟರ್ ಬಂದರೆ ಚಲೋ ಆಕಳು. ಜಿಡ್ಡು ಮಾತ್ರ 4ರ ಮೇಲೆ. ಮತ್ತೆ ತಾಳ್ಮೆ ಬೇಕು, ಮೊದಲನೇ ಕರು ಹಾಕೋಕೆ ಮೂರೂವರೆ ನಾಲ್ಕು ವರ್ಷ ತೆಗೆದುಕೊಳ್ಳುತ್ತೆ.

ಎತ್ತಿನ ವಿಷಯದಲ್ಲಿ ಮಾತ್ರ ನಾನು ಸೋಲುವುದಿಲ್ಲ. ಕರಿ ಮಣ್ಣಿನಲ್ಲಿ ಕುಂಟೆ ಹೊಡೆಯೋಕೆ, ತೊಗರಿ ಸಾಲಿನಲ್ಲಿ ಎಡೆ ಹೊಡೆಯೋಕೆ, ಗಾಡಿಗೆ, ಎಲ್ಲದಕ್ಕೂ ಸೈ. ಸಿಟ್ಟು ಕಡಿಮೆ. ನನ್ನ ಏಳು ವರ್ಷದ ಮಗಳು ಹಗ್ಗ ಹಿಡಿದು ನೀರಿಗೆ ಒಯ್ಯುತ್ತಾಳೆ.

ಆದರೆ ನಿಮ್ಮ ಕೆಸರು ಗದ್ದೆ ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ನಮ್ಮ ಆಕಳು ಅಷ್ಟು ಮಳೆ ಕಂಡಿಲ್ಲ.

ಏಲಕ್ಕಿ ಅಕ್ಕ (ಭಾಗಮಂಡಲ) · ಅಕ್ಟೋಬರ್ 29

ಮಳೆ ವಿಷಯ ನಾನು ಹೇಳ್ತೇನೆ. ಕೊಡಗು ಅಂದರೆ ಒಂದೇ ಮಳೆ ಅಲ್ಲ. ನಮ್ಮ ಭಾಗಮಂಡಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ದನದ ಗೊರಸು ಒಣಗುತ್ತಾ? ಕುಶಾಲನಗರ ಕಡೆ ಹೋದರೆ ಬಿಸಿಲು. ನಿಮ್ಮ ಶನಿವಾರಸಂತೆ ಮಧ್ಯದ್ದು. ನಮ್ಮಲ್ಲಿಗೆ ಯಾರಾದರೂ ದೇವಣಿ ತರುತ್ತೇನೆ ಅಂದರೆ ಬೇಡಪ್ಪಾ ಅಂತೇನೆ. ನಿಮಗೆ ಹಾಗೆ ಹೇಳಲಾರೆ.

ಆದರೂ ಕೇಳ್ತೇನೆ, ಮನೆಯಲ್ಲೇ ಮಲೆನಾಡು ಗಿಡ್ಡ ಇಟ್ಕೊಂಡು 900 ಕಿಲೋಮೀಟರ್ ದೂರ ಯಾಕೆ ಹೋಗ್ತೀರಿ? ಗಿಡ್ಡ ನೂರು ಕೆಜಿ ಆಸುಪಾಸು ತೂಗುತ್ತೆ, ಎತ್ತರ ನಮ್ಮ ಸೊಂಟಕ್ಕೆ ಬರುತ್ತೆ. ಲೀಟರ್ ಹಾಲು, ಹೆಚ್ಚೆಂದರೆ ಎರಡು. ಸರಿ, ಕಡಿಮೆಯೇ. ಆದರೆ ಅದು ತಿನ್ನುವುದೂ ಕಡಿಮೆ. ನಮ್ಮ ಕೆಂಪಿಗೆ ಹದಿನಾರು ವರ್ಷ. ಇಂಜೆಕ್ಷನ್ ಚುಚ್ಚಿಸಿದ್ದು ಕಾಲುಬಾಯಿ ಲಸಿಕೆಗೆ ಬಿಟ್ಟರೆ ನೆನಪಿಲ್ಲ. ಇಳಿಜಾರಿನಲ್ಲಿ ಮೇಕೆ ಹತ್ತಿದ ಹಾಗೆ ಹತ್ತುತ್ತೆ.

ತೋಟದಣ್ಣ (ಗೋಣಿಕೊಪ್ಪ) · ಅಕ್ಟೋಬರ್ 30

ಎ2 ಹಾಲು ಅಂತ ಬೋರ್ಡ್ ಹಾಕಿ ಹೋಂಸ್ಟೇಗೆ ಲೀಟರ್ 120ಕ್ಕೆ ಕೊಡಿ. ಬೆಂಗಳೂರಿನವರು ಕಣ್ಣು ಮುಚ್ಚಿ ತಗೋತಾರೆ. ಎರಡು ವರ್ಷದಲ್ಲಿ ಹಸು ಫ್ರೀ 😄

ನಿವೃತ್ತ ಡಾಕ್ಟ್ರು (ಮಡಿಕೇರಿ) · ಅಕ್ಟೋಬರ್ 30

ತೋಟದಣ್ಣನವರೇ, ಬೋರ್ಡ್ ಸುಲಭ. ನಮ್ಮ ನಾಟಿ ತಳಿಗಳಲ್ಲಿ ಎ2 ಬಗೆಯ ಪ್ರೋಟೀನ್ ಜಾಸ್ತಿ ಅನ್ನುವುದು ನಿಜ. ಅದರಿಂದ ಕಾಯಿಲೆ ವಾಸಿಯಾಗುತ್ತೆ ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಎ1, ಎ2 ಅಂತ ಪೊಟ್ಟಣದ ಮೇಲೆ ಹಾಕಬೇಡಿ ಎಂದು ಆದೇಶ ಹೊರಡಿಸಿ, ವಾರ ಕಳೆಯುವುದರೊಳಗೆ ವಾಪಸ್ ತೆಗೆದುಕೊಂಡಿತು. ಹಾಲು ರುಚಿಯಾಗಿದೆ, ನೊರೆ ಗಟ್ಟಿಯಾಗಿದೆ ಅಂತ ಹೇಳಿ ಮಾರಿ. ಅದು ಸುಳ್ಳಾಗುವುದಿಲ್ಲ.

ಗದ್ದೆಮನೆಯವರಿಗೆ ನಾಲ್ಕು ಮಾತು.

ಥೈಲೇರಿಯಾ ಹರಡುವುದು ಉಣ್ಣೆಯಿಂದ, ಅಂದರೆ ದನದ ಮೈಗೆ ಕಚ್ಚಿ ರಕ್ತ ಹೀರುವ ಹುಳದಿಂದ. ನಾಟಿ ತಳಿಗಳು ಮಿಶ್ರತಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ತಡೆದುಕೊಳ್ಳುತ್ತವೆ ಅಂದೆ, ಬರುವುದೇ ಇಲ್ಲ ಅನ್ನಲಿಲ್ಲ. ಜ್ವರ ಇದ್ದು, ಮುಂಗಾಲಿನ ಮುಂದಿನ ಗಂಟು ಊದಿ, ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿದರೆ ಮೊದಲ ದಿನವೇ ರಕ್ತದ ಲೇಪ ಪರೀಕ್ಷೆ ಮಾಡಿಸಿ. ಬುಪಾರ್ವಾಕ್ವೋನ್ ಅಂತ ಔಷಧಿ ಇದೆ, ದುಬಾರಿ, ಆದರೆ ಬೇಗ ಕೊಟ್ಟರೆ ಹಸು ಉಳಿಯುತ್ತೆ.

ತರುವುದಾದರೆ ಹುತ್ತರಿ (ನಮ್ಮ ಸುಗ್ಗಿ ಹಬ್ಬ) ಹೊತ್ತಿಗೆ ತನ್ನಿ. ಮಳೆಗೆ ಮುಂಚೆ ಐದಾರು ತಿಂಗಳು ಸಿಗುತ್ತೆ, ಇಲ್ಲಿನ ನೀರು, ಹುಲ್ಲು, ಉಣ್ಣೆ ಎಲ್ಲಕ್ಕೂ ಒಗ್ಗುತ್ತೆ. ಮೇ ತಿಂಗಳಲ್ಲಿ ತಂದವರ ಹಸುಗಳನ್ನು ನಾನು ಜುಲೈನಲ್ಲಿ ನೋಡಿದ್ದೇನೆ. ತುಂಬು ಗಬ್ಬದ ಹಸು ಲಾರಿ ಹತ್ತಿಸಬೇಡಿ. ಕಿವಿಯಲ್ಲಿ 12 ಅಂಕಿಯ ಓಲೆ ಇರಲಿ, ಖರೀದಿ ಚೀಟಿ, ಅಲ್ಲಿನ ಪಶುವೈದ್ಯರ ಪ್ರಮಾಣಪತ್ರ, ಸಾಗಾಣಿಕೆಯ ಕಾಗದ ಎಲ್ಲ ಕೈಯಲ್ಲಿರಲಿ. ಈಗ ದಾರಿಯಲ್ಲಿ ಕೇಳುತ್ತಾರೆ.

ದೇವಣಿ ವೀರ್ಯದ ಕಡ್ಡಿ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇಟ್ಟಿರುವುದಿಲ್ಲ, ಇಲ್ಲಿ ಕೇಳುವವರೇ ಇಲ್ಲ. ಮುಂಚೆಯೇ ಹೇಳಿ ತರಿಸಿಕೊಳ್ಳಬೇಕು.

ಒಂದು ತಪ್ಪು ಮಾತ್ರ ಮಾಡಬೇಡಿ. ದೇವಣಿ ಕಡ್ಡಿ ಹೇಗೂ ತರಿಸಿದ್ದೇನೆ ಅಂತ ಗಿಡ್ಡಕ್ಕೆ ಹಾಕಿಸಬೇಡಿ. ನೂರು ಕೆಜಿ ತಾಯಿಯ ಹೊಟ್ಟೆಯಲ್ಲಿ ದೊಡ್ಡ ತಳಿಯ ಕರು ಬೆಳೆದರೆ ಹೆರಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಒಂದು ರಾತ್ರಿ ಟಾರ್ಚ್ ಬೆಳಕಿನಲ್ಲಿ ಎರಡು ಗಂಟೆ ಅಂಥ ಕರು ಎಳೆದಿದ್ದೇನೆ. ಎರಡೂ ಉಳಿಯಲಿಲ್ಲ.

ಗದ್ದೆಮನೆ · ನವೆಂಬರ್ 2

ಎಲ್ಲರ ಮಾತೂ ಓದಿ ಎರಡು ದಿನ ಲೆಕ್ಕದ ಪುಸ್ತಕ ಹಿಡಿದು ಕೂತೆ. ಇಲ್ಲಿ ಹಾಕ್ತೇನೆ, ತಪ್ಪಿದ್ದರೆ ತಿದ್ದಿ.

ಸೂಲಿಗೆ 900 ಲೀಟರ್ ಅಂದುಕೊಳ್ಳೋಣ. ಒಂದು ಸೂಲಿನಿಂದ ಇನ್ನೊಂದಕ್ಕೆ 15 ತಿಂಗಳು, ಅಂದರೆ 450 ದಿನ. ಬತ್ತಿದ ದಿನವೂ ಸೇರಿಸಿದರೆ ದಿನಕ್ಕೆ ಸರಾಸರಿ 2 ಲೀಟರ್! ಇದನ್ನು ನೋಡಿ ನನಗೇ ನಗು ಬಂತು. ಮನೆಗೆ ಒಂದೂವರೆ ಬೇಕು. ಹಾಲಿನ ಸೊಸೈಟಿಗೆ ಹೊತ್ತು ಹಾಕೋಕೆ ಅರ್ಧ ಲೀಟರ್. ಸರ್ಕಾರದ ಪ್ರೋತ್ಸಾಹಧನ ಸಿಗುವುದೂ ಆ ಅರ್ಧ ಲೀಟರಿಗೇ.

ಸಗಣಿ ದಿನಕ್ಕೆ 12 ಕೆಜಿ ಹಿಡಿದರೆ ವರ್ಷಕ್ಕೆ ನಾಲ್ಕು ಟನ್ ಮೇಲಾಗುತ್ತೆ. ಕೆಳಗೆ ಹಾಸಿದ ಸೊಪ್ಪು, ಗಂಜಲ ಬೇರೆ. ನಾವು ಪ್ರತಿ ವರ್ಷ ಬಯಲುಸೀಮೆ ಕಡೆಯಿಂದ ಲೋಡುಗಟ್ಟಲೆ ಗೊಬ್ಬರ ತರಿಸ್ತೇವೆ. ಅದರಲ್ಲಿ ಕಲ್ಲು, ಪ್ಲಾಸ್ಟಿಕ್, ಒಂದ್ಸಲ ಚಪ್ಪಲಿ ಕೂಡ ಬಂದಿತ್ತು. ಅಂದರೆ ಹಾಲುವಾಣ ಅಣ್ಣ ಕೇಳಿದ ಎರಡನೇ ಕೆಲಸ ನಮ್ಮ ಮನೆಯಲ್ಲಿ ಇದೆ, ಅದು ಉಳುಮೆ ಅಲ್ಲ ಅಷ್ಟೇ.

ಹುಲ್ಲಿನ ಲೆಕ್ಕ ಮಾತ್ರ ಹೊಂದಲಿಲ್ಲ. ದಿನಕ್ಕೆ 5 ಕೆಜಿ ಒಣಹುಲ್ಲು ಅಂದರೂ ವರ್ಷಕ್ಕೆ ಒಂದು ಹಸುವಿಗೆ 1,800 ಕೆಜಿ. ನಮ್ಮ ಒಂದೂವರೆ ಎಕರೆಯ ಮೆದೆ ಒಂದು ದೇವಣಿಗೆ ಮತ್ತು ಗಿಡ್ಡಗಳಿಗೆ ಕಷ್ಟಪಟ್ಟು ಸಾಕಾಗುತ್ತೆ. ಎರಡು ದೇವಣಿಗೆ ಆಗಲ್ಲ. ಹಾಗಾಗಿ ಒಂದೇ ತರೋಣ ಅಂತಿದ್ದೇನೆ. ಗದ್ದೆ ಬದಿಯ ಹತ್ತು ಗುಂಟೆಗೆ ನೇಪಿಯರ್ ಹಾಕ್ತೇನೆ.

ಹಾಲುವಾಣ · ನವೆಂಬರ್ 2

ಈಗ ಸರಿಯಾದ ದಾರಿಗೆ ಬಂದಿರಿ. ನನ್ನ ಹೆಸರಿನ ಮರವನ್ನೂ ಮರೀಬೇಡಿ. ಮೆಣಸಿನ ಬಳ್ಳಿಗೆ ನಿಲ್ಲಿಸಿದ ಹಾಲುವಾಣವನ್ನು ನೆರಳು ತೆಗೆಯುವಾಗ ಸವರುತ್ತೇವಲ್ಲ, ಆ ಸೊಪ್ಪು ದನಕ್ಕೆ ಒಳ್ಳೇ ಮೇವು. ನಾವು ಅದನ್ನು ಸುಮ್ನೆ ಬುಡಕ್ಕೆ ಬಿಟ್ಟು, ಪೇಟೆಯಿಂದ ಹಿಂಡಿ ತರ್ತೇವೆ.

ನಿವೃತ್ತ ಡಾಕ್ಟ್ರು · ನವೆಂಬರ್ 3

ಲೆಕ್ಕ ಚೆನ್ನಾಗಿದೆ. ಎರಡು ಸೇರಿಸಿಕೊಳ್ಳಿ. ಕಣಿಕೆಯವರ ಕಡೆ ಜೋಳದ ದಂಟು, ತೊಗರಿ ಹೊಟ್ಟು ತಿಂದು ಬೆಳೆದ ಹಸು ಅದು. ನಮ್ಮ ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಇರುವ ಸುಣ್ಣದಂಶವನ್ನೂ ಅದರಲ್ಲಿನ ಆಕ್ಸಲೇಟ್ ಹಿಡಿದಿಟ್ಟುಕೊಳ್ಳುತ್ತೆ. ನೇಪಿಯರ್‌ನಲ್ಲೂ ಅದೇ ಕಥೆ. ಖನಿಜ ಮಿಶ್ರಣ ದಿನಾ ಕೊಡಲೇಬೇಕು.

ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಅಡಿಯ ಹುಲ್ಲು ಕೊಯ್ದು ಹಾಕಬೇಡಿ. ಮೈಲುತುತ್ತ ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ಕೂಡುತ್ತಾ ಹೋಗುತ್ತೆ, ಒಂದು ದಿನ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತೆ. ನಾಲ್ಕು ಜೋರು ಮಳೆ ಬಿದ್ದು ತೊಳೆಯಲಿ. ಬೇಲಿಯ ಲಂಟಾನದಿಂದಲೂ ದೂರ ಕಟ್ಟಿ. ಹೊಸ ಜಾಗಕ್ಕೆ ಬಂದ ಹಸು ಹಸಿದರೆ ಯಾವುದಕ್ಕೂ ಬಾಯಿ ಹಾಕುತ್ತೆ.

ಗಡಿಮನೆ (ಕುಟ್ಟ) · ನವೆಂಬರ್ 5

ನೀವೆಲ್ಲ ಹುಲ್ಲಿನ ಲೆಕ್ಕ ಹಾಕ್ತಿದ್ದೀರಿ. ನಮ್ಮ ಕಡೆ ಹುಲಿಯ ಲೆಕ್ಕವೂ ಹಾಕಬೇಕು. ನಾಗರಹೊಳೆ ಅಂಚು ನಮ್ಮದು. ಕಳೆದ ವರ್ಷ ತೋಟದಲ್ಲಿ ಕಟ್ಟಿದ್ದ ಹಸು ಹೋಯಿತು, ಮನೆಯಿಂದ ಇನ್ನೂರು ಅಡಿ ದೂರದಲ್ಲಿ. ಬಿಳಿ ಹಸು ಕತ್ತಲಲ್ಲಿ ನಮಗೇ ದೂರದಿಂದ ಕಾಣುತ್ತೆ, ಅದಕ್ಕೆ ಕಾಣಲ್ವಾ?

ಅಂಥದ್ದು ಆದರೆ ಸತ್ತ ದನವನ್ನು ಅಲುಗಾಡಿಸಬೇಡಿ. ನಾವು ನಾಯಿ ಎಳೆಯುತ್ತೆ ಅಂತ ಎತ್ತಿ ಶೆಡ್‌ಗೆ ತಂದೆವು. ಆಮೇಲೆ ಪರಿಹಾರದ ಕಾಗದಕ್ಕೆ ಮೂರು ತಿಂಗಳು ಓಡಾಟ. ಇದ್ದ ಜಾಗದಲ್ಲೇ ಫೋಟೋ, ಕಿವಿ ಓಲೆಯ ಫೋಟೋ, ಕೂಡಲೇ ಅರಣ್ಯ ಇಲಾಖೆಗೆ ಫೋನ್, ಪಶುವೈದ್ಯರ ವರದಿ. ನಿಮ್ಮ ಕಡೆ ಇದು ಕಡಿಮೆ ಅಂತ ಗೊತ್ತು, ದಕ್ಷಿಣದವರು ಓದುತ್ತಿದ್ದರೆ ಇರಲಿ ಅಂತ ಬರೆದೆ.

ಗದ್ದೆಮನೆ · ಡಿಸೆಂಬರ್ 14

ಬಂದಳು!

ಕಣಿಕೆ ಅಣ್ಣ ಅವರೇ ಊರಲ್ಲಿ ಮೂರು ಮನೆ ತೋರಿಸಿದರು. ಎರಡನೇ ಸೂಲಿನ ವಾನೇರಾ, ಎರಡು ತಿಂಗಳ ಗಬ್ಬ ಅಂತ ಅಲ್ಲಿನ ಡಾಕ್ಟರ್ ಕೈ ಹಾಕಿ ನೋಡಿ ಹೇಳಿದರು. ಕೊಳ್ಳುವ ಮುಂಚೆ ಎರಡು ಹೊತ್ತು ನಾನೇ ಪಕ್ಕದಲ್ಲಿ ನಿಂತು ಹಾಲು ಕರೆಸಿದೆ. ಸಂಜೆ ಒಂದೂವರೆ, ಬೆಳಿಗ್ಗೆ ಎರಡು. ಮಾರುವವರು ಐದು ಅಂದಿದ್ದರು, ಗಬ್ಬ ಕಟ್ಟಿದ ಮೇಲೆ ಇಳಿದಿದೆ ಅಂದರು. ಒಪ್ಪಿಕೊಂಡೆ.

ಎರಡು ರಾತ್ರಿ ಪ್ರಯಾಣ. ಮಧ್ಯೆ ಒಂದು ಹಗಲು ಪೂರ್ತಿ ಇಳಿಸಿ ಮಲಗಿಸಿದೆವು. ಲಾರಿಗೆ ಮರಳು, ಅದರ ಮೇಲೆ ಹುಲ್ಲು. ನಮ್ಮ ಅಂಗಳದಲ್ಲಿ ಇಳಿದವಳು ಗಿಡ್ಡಗಳ ಪಕ್ಕ ನಿಂತಾಗ ಲಾರಿ ಪಕ್ಕ ಆಟೋ ನಿಂತ ಹಾಗೆ. ನಮ್ಮ ಗಿಡ್ಡ ಪುಟ್ಟಿ ಮೂಸಿ ನೋಡಿ ಒಂದು ಗುದ್ದು ಕೊಟ್ಟಿತು. ದೊಡ್ಡವಳು ಹಿಂದಕ್ಕೆ ಸರಿದಳು! ಅಂದಿನಿಂದ ಕೊಟ್ಟಿಗೆಯಲ್ಲಿ ಪುಟ್ಟಿಯದೇ ಯಜಮಾನಿಕೆ.

ಅಮ್ಮ ಗೌರಿ ಅಂತ ಹೆಸರಿಟ್ಟಿದ್ದಾರೆ. ಮೊದಲ ನಾಲ್ಕು ದಿನ ನಮ್ಮ ಭತ್ತದ ಹುಲ್ಲು ಮೂಸಿ ಬಿಟ್ಟಳು. ಕಣಿಕೆ ಅಣ್ಣ ಕಟ್ಟಿಕೊಟ್ಟಿದ್ದ ಎರಡು ಹೊರೆ ಜೋಳದ ದಂಟು ಬೆರೆಸಿ ಬೆರೆಸಿ ಅಭ್ಯಾಸ ಮಾಡಿಸಿದೆವು.

ಕಣಿಕೆ · ಡಿಸೆಂಬರ್ 14

ಹೆಣ್ಣು ಕೊಟ್ಟ ಮನೆಯವರ ಹಾಗೆ ಕೂತಿದ್ದೇನೆ ನಾನು ಇಲ್ಲಿ. ದಿನಾ ಒಂದು ಫೋಟೋ ಹಾಕಿ.

ಗದ್ದೆಮನೆ · ಜುಲೈ 9

ಬಹಳ ದಿನ ಬರೆಯಲಿಲ್ಲ. ಈಗ ತೊಂದರೆ ಆದಾಗ ಬಂದಿದ್ದೇನೆ.

ಗೌರಿ ಹಿಂಗಾಲು ಊರುತ್ತಿಲ್ಲ. ಗೊರಸಿನ ಸಂದಿಯಲ್ಲಿ ಊದಿಕೊಂಡು ಕೆಂಪಾಗಿದೆ, ಕೊಳೆತ ವಾಸನೆ. ಮೂರು ವಾರದಿಂದ ಬಿಡದೆ ಮಳೆ. ನನಗೆ ಅರ್ಥ ಆಗದ್ದು ಇಷ್ಟೇ, ಕೊಟ್ಟಿಗೆ ಇಷ್ಟು ಚೊಕ್ಕಟವಾಗಿ ಇಟ್ಟಿದ್ದೇನೆ. ಗೌರಿಗಂತಲೇ ಸಿಮೆಂಟ್ ನೆಲ ಮಾಡಿಸಿ, ದಿನಕ್ಕೆ ಎರಡು ಸಲ ಪೈಪ್ ಹಿಡಿದು ತೊಳೆಯುತ್ತೇನೆ. ಪಕ್ಕದಲ್ಲಿ ಮಣ್ಣು ನೆಲದಲ್ಲಿ ನಿಂತ ಗಿಡ್ಡಗಳಿಗೆ ಏನೂ ಆಗಿಲ್ಲ.

ಏಲಕ್ಕಿ ಅಕ್ಕ · ಜುಲೈ 9

ತೊಳೆದದ್ದೇ ತಪ್ಪು ತಮ್ಮ. ಮೇಲಿಂದ ಮಳೆ ಸಾಲದು ಅಂತ ನೀನೂ ನೀರು ಹಾಕಿದೆ. ಮಳೆಗಾಲದಲ್ಲಿ ಕೊಟ್ಟಿಗೆ ತೊಳೆಯುವುದಲ್ಲ, ಹಾಸುವುದು. ತೋಟದ ತರಗೆಲೆ ಇದೆಯಲ್ಲ, ಸಿಲ್ವರ್ ಓಕ್‌ದು, ಹಲಸಿಂದು, ಬೇಸಿಗೆಯಲ್ಲೇ ಗುಡಿಸಿ ಅಟ್ಟಕ್ಕೆ ತುಂಬಿಡಬೇಕು. ದಿನಾ ಒಂದು ಬುಟ್ಟಿ ಹಾಸು. ಅದು ಗಂಜಲ ಹೀರುತ್ತೆ, ದನ ಒಣಗಿದ ಜಾಗದಲ್ಲಿ ಮಲಗುತ್ತೆ, ಕೊನೆಗೆ ಅದೇ ಗೊಬ್ಬರ. ನಮ್ಮ ಅತ್ತೆ ಮಳೆಗಾಲದಲ್ಲಿ ಕೊಟ್ಟಿಗೆಗೆ ಒಂದು ಕೊಡ ನೀರು ಹಾಕೋಕೆ ಬಿಡ್ತಿರಲಿಲ್ಲ.

ನಿವೃತ್ತ ಡಾಕ್ಟ್ರು · ಜುಲೈ 9

ಅಕ್ಕ ಹೇಳಿದ್ದು ಪೂರ್ತಿ ಸರಿ. ಗೊರಸಿನ ಸಂದಿ ಕೊಳೆತಿದೆ, ಕೂಡಲೇ ನಿಮ್ಮ ಡಾಕ್ಟರನ್ನು ಕರೆಸಿ. ಗಾಯ ಬಿಡಿಸಿ ತೊಳೆದು ಆಂಟಿಬಯೋಟಿಕ್ ಕೊಡಬೇಕಾಗುತ್ತೆ. ತುಂಬು ಗಬ್ಬ ಅನ್ನುವುದನ್ನು ಮೊದಲೇ ಹೇಳಿ, ಔಷಧಿ ಆರಿಸುವಾಗ ಬೇಕು. ವಾಸಿಯಾದ ಮೇಲೆ ವಾರಕ್ಕೆ ಎರಡು ಮೂರು ದಿನ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿ ನಿಲ್ಲಿಸಿ, ಲೀಟರಿಗೆ 50 ಗ್ರಾಂ. ಕೊಡಗಿನಲ್ಲಿ ಮೈಲುತುತ್ತ ಇಲ್ಲದ ಮನೆ ಇಲ್ಲವಲ್ಲ. ಅದ್ದುವ ಮುಂಚೆ ಕೆಸರು ತೊಳೆದಿರಬೇಕು, ಸಗಣಿ ಸೇರಿದರೆ ಆ ನೀರಿಗೆ ಶಕ್ತಿ ಇರಲ್ಲ. ಆ ನೀರನ್ನು ಕುಡಿಯೋಕೂ ಬಿಡಬೇಡಿ.

ಗದ್ದೆಮನೆ · ಜುಲೈ 15

ಡಾಕ್ಟರ್ ಬಂದು ನೋಡಿದರು, ಐದು ದಿನ ಇಂಜೆಕ್ಷನ್. ಈಗ ಕಾಲು ಊರುತ್ತಿದ್ದಾಳೆ. ಮಲಗುವ ಜಾಗಕ್ಕೆ ರಬ್ಬರ್ ಮ್ಯಾಟ್, ಅದರ ಮೇಲೆ ತರಗೆಲೆ. ನಮ್ಮ ಹತ್ತಿರ ಒಣಗಿದ್ದು ಇರಲಿಲ್ಲ, ಪಕ್ಕದ ಮನೆಯಿಂದ ಎಂಟು ಚೀಲ ಸಾಲ ತಂದೆ. ಎಲೆ ಸಾಲ ಕೇಳಿದ್ದಕ್ಕೆ ಅವರು ಇನ್ನೂ ನಗ್ತಿದ್ದಾರೆ.

ಒಂದು ಎಡವಟ್ಟು ಮಾಡಿದೆ. ಮೈಲುತುತ್ತವನ್ನು ಅಮ್ಮನ ಅಲ್ಯೂಮಿನಿಯಂ ಬೋಗುಣಿಯಲ್ಲಿ ಕಲಸಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ತಳ ಜರಡಿ. ಇಷ್ಟು ವರ್ಷ ಬೋರ್ಡೋಗೆ ಪ್ಲಾಸ್ಟಿಕ್ ಡ್ರಮ್ ಯಾಕೆ ಬಳಸ್ತೇವೆ ಅನ್ನುವುದು ಆ ಹೊತ್ತಿಗೆ ನೆನಪಾಗಲಿಲ್ಲ ನೋಡಿ.

ಗದ್ದೆಮನೆ · ಜುಲೈ 24

ಕಕ್ಕಡ ತಿಂಗಳ ಮಳೆಯಲ್ಲಿ ನಡುರಾತ್ರಿ ಗೌರಿ ಕರು ಹಾಕಿದಳು. ಹೋರಿ ಕರು, ಅಚ್ಚ ಬಿಳಿ, ಎಡಗಣ್ಣಿನ ಸುತ್ತ ಮಾತ್ರ ಕಪ್ಪು. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿದೆವು. ಅಪ್ಪ ಹಳೇ ಗೋಣಿಚೀಲ ಹೊದಿಸಿ ಬೆಳಗಿನ ತನಕ ಅಲ್ಲೇ ಕೂತಿದ್ದರು.

ಆಮೇಲಿನದು ಕೇಳಿ. ದೊಡ್ಡ ಡೇರಿ ನಡೆಸುವ ಪರಿಚಯದವರೊಬ್ಬರು, ಕರುವನ್ನು ಮೊದಲ ದಿನದಿಂದಲೇ ಬೇರೆ ಮಾಡಿ ಬಾಟಲಿಯಲ್ಲಿ ಕುಡಿಸಿ, ಹಾಲು ಜಾಸ್ತಿ ಸಿಗುತ್ತೆ ಅಂದರು. ಐದನೇ ದಿನ ಹಾಗೇ ಮಾಡಿದೆ. ಗೌರಿ ಒಂದು ತೊಟ್ಟು ಬಿಡಲಿಲ್ಲ. ಕೆಚ್ಚಲು ಕಲ್ಲಾಗಿದೆ, ಹಾಲು ಇಳಿಸ್ತಿಲ್ಲ. ಕೊಟ್ಟಿಗೆಯ ಮೂಲೆ ನೋಡಿಕೊಂಡು ಕೂಗುತ್ತಾಳೆ, ಅಷ್ಟೇ.

ಕಣಿಕೆ · ಜುಲೈ 24

ಮಾರಾಯರೇ, ಕರು ಬಿಡಿ ಮೊದಲು! ಇವು ಕರುವಿನ ಮೂತಿ ತಾಗದೆ ಹಾಲು ಇಳಿಸುವ ಆಕಳಲ್ಲ. ಮೊದಲು ಕರು ನಾಲ್ಕು ಮೊಲೆ ಚೀಪಲಿ, ಆಕಳು ಕರುವನ್ನು ನೆಕ್ಕುತ್ತಾ ನಿಲ್ಲಲಿ. ಆಗ ಕೂತು ಕರೆಯಿರಿ. ಮೂರು ಮೊಲೆ ನಿಮಗೆ, ಒಂದು ಕರುವಿಗೆ. ನಮ್ಮ ಮನೆಯ ಪಾಲು ಯಾವಾಗಲೂ ಅಷ್ಟೇ.

ಗದ್ದೆಮನೆ · ಜುಲೈ 25

ಬಿಟ್ಟೆ. ಎರಡೇ ನಿಮಿಷ, ತಂಬಿಗೆಯಲ್ಲಿ ನೊರೆ. ಇವತ್ತು ಒಟ್ಟು ನಾಲ್ಕೂಕಾಲು ಲೀಟರ್, ಕರುವಿನದು ಬೇರೆ.

ತೋಟದಣ್ಣ · ಆಗಸ್ಟ್ 3

ಇವತ್ತು ಕಕ್ಕಡ 18, ನೇರಳೆ ಬಣ್ಣ ಬಿಡುವ ಮದ್ದು ಸೊಪ್ಪು ತಿನ್ನುವ ದಿನ. ಗೌರಿಗೆ ಮದ್ದು ಸೊಪ್ಪು ತಿನ್ನಿಸಿದ್ರಾ? ಹಾಲು ನೇರಳೆ ಬಣ್ಣ ಬಂದರೆ ಲೀಟರ್ 200ಕ್ಕೆ ಕೊಡಬಹುದು.

ಹಾಲುವಾಣ · ಆಗಸ್ಟ್ 4

ತಮಾಷೆ ಇರಲಿ. ನನ್ನ ಹಳೇ ಪ್ರಶ್ನೆ ಮತ್ತೆ ಬಂತು ನೋಡಿ. ಹುಟ್ಟಿದ್ದು ಹೋರಿ ಕರು. ಏನು ಮಾಡ್ತೀರಿ ಅದನ್ನ? ಮಾರೋಣ ಅಂದರೆ ಉಳುವವರು ಯಾರೂ ಇಲ್ಲ, ಮೊದಲಿನ ಹಾಗೆ ಯಾರಿಗೋ ಕೊಟ್ಟು ಕೈತೊಳೆದುಕೊಳ್ಳೋಕೂ ಈಗ ಆಗಲ್ಲ. ನಮ್ಮ ರಸ್ತೆಯಲ್ಲಿ ರಾತ್ರಿ ಬೈಕಿಗೆ ಅಡ್ಡ ಬರುವುದೆಲ್ಲ ಯಾರದೋ ಮನೆಯ ಗಂಡು ಕರುಗಳೇ. ಮುಂದಿನ ಸಲ ಹೆಣ್ಣು ಕರುವಿನ ಕಡ್ಡಿ ಹಾಕಿಸಿ, ಹತ್ತಕ್ಕೆ ಒಂಬತ್ತು ಹೆಣ್ಣೇ ಆಗುತ್ತವಂತೆ.

ನಿವೃತ್ತ ಡಾಕ್ಟ್ರು · ಆಗಸ್ಟ್ 4

ಆಗುತ್ತವೆ, ಆದರೆ ಆ ಕಡ್ಡಿಯಲ್ಲಿ ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ. ಬೆದೆ ಸರಿಯಾಗಿ ಹಿಡಿಯಬೇಕು, ನಾಟಿ ತಳಿಯಲ್ಲಿ ಬೆದೆ ಮೌನ, ಕೂಗಾಟ ಇರಲ್ಲ. ಮತ್ತೆ ಎಲ್ಲರೂ ಹೆಣ್ಣೇ ಬೇಕು ಅಂದರೆ ದೇವಣಿಯ ಎತ್ತು ಅನ್ನುವುದೇ ಹೋಗಿಬಿಡುತ್ತೆ. ಹಾಲೊಂದಕ್ಕೇ ಆರಿಸುತ್ತಾ ಹೋದರೆ ಅದು ಎರಡು ಕೆಲಸದ ತಳಿಯಾಗಿ ಉಳಿಯಲ್ಲ.

ಗದ್ದೆಮನೆ · ಆಗಸ್ಟ್ 5

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಹಾಲುವಾಣ ಅಣ್ಣ. ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಹೇಳಿದೆ. ಅವರು ಏನೂ ಮಾತಾಡದೆ ಅನ್ನ ಕಲಸ್ತಾ ಇದ್ದರು. ಆಮೇಲೆ, "ಟಿಲ್ಲರ್ ಮೂಲೆಗೆ ತಿರುಗಲ್ಲ" ಅಂದರು. ನಿಜ. ನಮ್ಮ ಗದ್ದೆ ಮೆಟ್ಟಿಲು ಮೆಟ್ಟಿಲು, ಮೇಲಿನ ಎರಡು ತುಂಡಿಗೆ ಟಿಲ್ಲರ್ ಹತ್ತಿಸೋಕೇ ಮೂರು ಜನ ಬೇಕು. ಪ್ರತಿ ವರ್ಷ ಗುದ್ದಲಿಯಲ್ಲಿ ಅಗೆಸ್ತೇವೆ.

ಕಣಿಕೆ · ಆಗಸ್ಟ್ 5

ಸಂತೋಷ. ಆದರೆ ಒಂದು ಮಾತು ನನ್ನ ತಳಿಯ ವಿರುದ್ಧವೇ ಹೇಳ್ತೇನೆ. ನಮ್ಮ ಎತ್ತು ಭಾರ. ಕರಿ ಮಣ್ಣು ಒಣಗಿದ ಮೇಲೆ ಹೊಡೆಯುವುದು ನಾವು. ಮಂಡಿಯುದ್ದ ಕೆಸರಲ್ಲಿ ಹೂತುಕೊಂಡರೆ ಏನು ಮಾಡುತ್ತೋ ಗೊತ್ತಿಲ್ಲ. ಗೊಬ್ಬರದ ಗಾಡಿಗೆ ಹೂಡಿ, ಅಲ್ಲಿ ಖಂಡಿತ ಸೋಲಲ್ಲ.

ಏಲಕ್ಕಿ ಅಕ್ಕ · ಆಗಸ್ಟ್ 5

ಕೆಸರಿಗೆ ಗಿಡ್ಡದ ಎತ್ತೇ ಸರಿ. ನಮ್ಮಪ್ಪ ಅದರಲ್ಲೇ ಉತ್ತಿದ್ದು. ಹಗುರ, ಮೂಲೆಯಲ್ಲಿ ಬೊಗಸೆಯಷ್ಟು ಜಾಗದಲ್ಲಿ ತಿರುಗುತ್ತವೆ. ಪುಟ್ಟಿಗೆ ಗಂಡು ಹುಟ್ಟಿದರೆ ಇಟ್ಟುಕೋ ತಮ್ಮ.

ಗದ್ದೆಮನೆ · ಡಿಸೆಂಬರ್ 18

ಗೌರಿ ಬಂದು ವರ್ಷ ಆಯಿತು. ಪುಸ್ತಕದಲ್ಲಿ ಬರೆದಿದ್ದನ್ನು ಹಾಕ್ತೇನೆ.

ಕರು ಹಾಕಿ ಐದು ತಿಂಗಳಿಗೆ ಹತ್ತಿರ. ನಾವು ಕರೆದದ್ದು 510 ಲೀಟರ್. ಸೊಸೈಟಿಗೆ ಹಾಕಿದ್ದು ಕಡಿಮೆ. ಅಮ್ಮ ಬೆಣ್ಣೆ ತೆಗೆದು ತುಪ್ಪ ಕಾಯಿಸಿದರು, ಅದು ನಾಲ್ಕು ಮನೆಗೆ ಹೋಗುತ್ತೆ. ಔಷಧಿಗೆ ಖರ್ಚಾಗಿದ್ದು ಆ ಕಾಲಿನದ್ದೇ. ಉಣ್ಣೆ ಹತ್ತಿತ್ತು, ಕೈಯಲ್ಲೇ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕಿದೆವು. ಜ್ವರ ಬರಲಿಲ್ಲ. ಹಿಂಡಿ, ಖನಿಜ ಮಿಶ್ರಣದ ದುಡ್ಡು ಹಾಲಿನ ದುಡ್ಡಿಗೆ ಸರಿಹೋಗಿದೆ, ಮೇಲೆ ಉಳಿದದ್ದು ಲೆಕ್ಕಕ್ಕಿಲ್ಲದಷ್ಟು. ಅವಳನ್ನು ಕೊಂಡ ದುಡ್ಡು, ಲಾರಿ ಬಾಡಿಗೆ ಇನ್ನೂ ಹಾಗೇ ನಿಂತಿದೆ.

ಆದರೆ ಈ ಸಲ ಹೊರಗಿನ ಗೊಬ್ಬರ ಒಂದು ಲೋಡೂ ತರಿಸಿಲ್ಲ. ತರಗೆಲೆ ಹಾಸಿ ತೆಗೆದ ಗೊಬ್ಬರ ಎಂಥದ್ದು ಅಂತ ಕೈಗೆ ತೆಗೆದುಕೊಂಡು ನೋಡಬೇಕು, ಕಾಫಿಪುಡಿಯ ಹಾಗೆ ಉದುರುತ್ತೆ, ವಾಸನೆಯೇ ಇಲ್ಲ. ಎರಡು ಎಕರೆಗೆ ಸಾಕಾಗಿದೆ, ಇನ್ನೆರಡಕ್ಕೆ ಮುಂದಿನ ವರ್ಷ. ಬೇಸಿಗೆಗೆ ತರಗೆಲೆ ಗುಡಿಸೋಕೆ ಈಗಲೇ ಜಾಗ ಮಾಡಿದ್ದೇನೆ, ಪಕ್ಕದ ಮನೆಯ ಎಂಟು ಚೀಲ ಸಾಲವೂ ಇದೆಯಲ್ಲ.

ಇನ್ನೊಂದು ಕೇಳಬೇಕಿತ್ತು ಕಣಿಕೆ ಅಣ್ಣ. ನಿನ್ನೆ ಅಪ್ಪ ಅಟ್ಟದಿಂದ ಹಳೇ ನೊಗ ಇಳಿಸಿದರು. ಗೆದ್ದಲು ಹಿಡಿದಿಲ್ಲ. ಗೌರಿಯ ಹೆಗಲಿನ ಮೇಲೆ ಗೇಣು ಹಾಕಿ ಅಳೆದು, ನೊಗದ ಮೇಲೆ ಗೇಣು ಹಾಕಿ ಅಳೆದು, ತಲೆ ಆಡಿಸಿದರು. ಗಿಡ್ಡದ ಜೋಡಿಗೆ ಮಾಡಿದ ನೊಗ ಅದು, ಗೌರಿಯ ಹೋರಿ ಕರು ಬೆಳೆದರೆ ಕತ್ತು ಹಿಡಿಯಲ್ಲ. ನಿಮ್ಮ ಕಡೆಯ ಅಳತೆ ಕಳಿಸ್ತೀರಾ?

ಕಣಿಕೆ · ಡಿಸೆಂಬರ್ 18

ಕಳಿಸ್ತೇನೆ. ನಮ್ಮಲ್ಲಿ ಗಾಡಿಗೆ ಒಂದು ನೊಗ, ಬಿತ್ತನೆಗೆ ಒಂದು, ಎಡೆ ಹೊಡೆಯೋಕೆ ಇನ್ನೊಂದು, ಒಂದೊಂದರ ಉದ್ದ ಬೇರೆ. ನಿಮಗೆ ಯಾವುದು? ಮತ್ತೆ ನೊಗಕ್ಕೆ ಎರಡು ಕತ್ತು ಬೇಕಲ್ಲ, ಜೊತೆಗೆ ಯಾರು?

ಗದ್ದೆಮನೆ · ಡಿಸೆಂಬರ್ 18

ಗಾಡಿಯದು ಕಳಿಸಿ. ನೊಗಕ್ಕೆ ಹೂಡೋಕೇ ಇನ್ನೂ ಎರಡು ವರ್ಷ ಇದೆ. ಜೊತೆಯ ಬಗ್ಗೆ ಅಪ್ಪನನ್ನು ಕೇಳಿದೆ. ಬೀದರ್‌ಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳ್ತಿದ್ದಾರೆ.